ಕೂಲಿಯ ಮೇಲಿನ ಕಾಸು

ದೀಪಾವಳಿಗೆ ಇನ್ನೊಂದು ವಾರ ಇದೆ ಎನ್ನುವಾಗ ನಾಗಪುರದ ಮನೆಗಳ ಕರೆಗಂಟೆಗೆ ಬಿಡುವಿರುವುದಿಲ್ಲ. ಬೆಳಿಗ್ಗೆ ಪೇಪರ್ ಹಾಕುವ ಹುಡುಗ, ಅವನ ಹಿಂದೆಯೇ ಹಾಲಿನವರು, ಆಮೇಲೆ ಕಸದ ಗಾಡಿಯವರು, ಮಧ್ಯಾಹ್ನ ಇಸ್ತ್ರಿ ಬಟ್ಟೆ ತರುವವರು, ಸಂಜೆ ಅಪಾರ್ಟ್‌ಮೆಂಟಿನ ವಾಚ್‌ಮನ್. ಕೈಚಾಚಿ ಕೇಳುವವರು ಕಡಿಮೆ. ಹಬ್ಬದ ಶುಭಾಶಯ ಹೇಳಿ, ಎಂದಿಗಿಂತ ಒಂದು ಗಳಿಗೆ ಹೆಚ್ಚಾಗಿ ಬಾಗಿಲಲ್ಲಿ ನಿಲ್ಲುತ್ತಾರೆ, ಅಷ್ಟೆ. ಹೀಗೆ ಹಬ್ಬಕ್ಕೆ ಕೊಡುವ ಹಣಕ್ಕೆ ಮರಾಠಿಯಲ್ಲಿ ‘ಪೋಸ್ತ್’ ಎಂಬ ಹಳೆಯ ಹೆಸರಿದೆ. ಈಗಿನವರ ಬಾಯಲ್ಲಿ ಅದು ‘ಬೋನಸ್’.

ಬ್ಯಾಂಕು, ರೈಲ್ವೆ, ವಾಯುಪಡೆ, ಮಿಹಾನ್ ಪ್ರದೇಶದ ಕಂಪನಿಗಳು ಎಂದು ವರ್ಗವಾಗಿ ಈ ಊರಿಗೆ ಬರುವ ಕನ್ನಡದ ಕುಟುಂಬಗಳಿಗೆ ಮೊದಲ ದೀಪಾವಳಿಯಲ್ಲೇ ಎದುರಾಗುವ ಪ್ರಶ್ನೆ ಇದು: ಯಾರಿಗೆ, ಎಷ್ಟು? ಪಕ್ಕದ ಮನೆಯವರನ್ನು ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ‘ಮಾವ್ಶಿಗೆ ಒಂದು ತಿಂಗಳ ಪಗಾರ. ಉಳಿದವರಿಗೆ ನಿಮ್ಮ ಖುಷಿ.’ ಮಾವ್ಶಿ ಎಂದರೆ ಚಿಕ್ಕಮ್ಮ. ಪಾತ್ರೆ, ಬಟ್ಟೆ, ನೆಲ ಎಂದು ಮನೆ ಮನೆ ಸುತ್ತುವ ಹೆಂಗಸರನ್ನು ಇಲ್ಲಿ ಕರೆಯುವುದು ಹಾಗೆ. ಪಕ್ಕದ ಮನೆಯವರ ಆ ಮಾತಿನಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿವೆ. ಒಂದಕ್ಕೆ ಅಳತೆ ಇದೆ, ಇನ್ನೊಂದಕ್ಕೆ ಇಲ್ಲ. ಟಿಪ್ಸ್ ಬಗ್ಗೆ ಮನೆಯಲ್ಲಿ, ಹೋಟೆಲಿನಲ್ಲಿ, ಮೊಬೈಲ್ ಪರದೆಯ ಮೇಲೆ ನಡೆಯುವ ಗೊಂದಲಗಳೆಲ್ಲ ಈ ಎರಡು ಲೆಕ್ಕ ಒಂದರೊಳಗೊಂದು ಬೆರೆತುಹೋಗಿರುವುದರಿಂದಲೇ ಹುಟ್ಟುತ್ತವೆ.

ಪದಗಳನ್ನೇ ನೋಡಿ. ಭಕ್ಷೀಸು ಪಾರಸಿಯಿಂದ ಬಂತು, ಇನಾಮು ಅರಬ್ಬಿಯಿಂದ. ಎರಡಕ್ಕೂ ‘ದೊಡ್ಡವರು ಮೆಚ್ಚಿ ಕೊಟ್ಟದ್ದು’ ಎಂಬ ವಾಸನೆ ಇದೆ. ಮರಾಠಿಯ ಚಿರಿಮಿರಿ, ನಮ್ಮ ಕಾಫಿ ಕಾಸು ಇನ್ನೂ ಚಿಕ್ಕವು. ಮಾಮೂಲು ಎಂದರೆ ಮೂಲದಲ್ಲಿ ವಾಡಿಕೆ ಎಂದಷ್ಟೇ ಅರ್ಥ. ವಾಡಿಕೆಯಾಗಿ ಕೊಟ್ಟು ಕೊಟ್ಟು ಅದು ಲಂಚಕ್ಕೇ ಹೆಸರಾಯಿತು. ಇಷ್ಟೆಲ್ಲ ಪದಗಳಲ್ಲಿ ಕೆಲಸಗಾರನ ಹಕ್ಕನ್ನು ಹೇಳುವ ಪದ ಒಂದೂ ಇಲ್ಲ. ಆ ಪದ ಇರುವುದು ಬೇರೆ ಕಡೆ. ಅದನ್ನು ಹುಡುಕಲು ನಾಗಪುರದಷ್ಟು ಒಳ್ಳೆಯ ಊರು ಇನ್ನೊಂದಿಲ್ಲ.

1980ರಲ್ಲಿ ಇಲ್ಲಿ ‘ವಿದರ್ಭ ಮೋಲಕರೀಣ್ ಸಂಘಟನೆ’ ಹುಟ್ಟಿತು. ಕಟ್ಟಿದವರು ನಾಗಪುರ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತ ಕಲಿಸುತ್ತಿದ್ದ ರೂಪಾ ಕುಲಕರ್ಣಿ. ಮನೆಗೆಲಸದವರ ಸಂಘ ಎನ್ನುವುದೇ ಆಗ ಕೇಳದ ಮಾತು. ಕಾರ್ಖಾನೆಯಲ್ಲಾದರೆ ಸಾವಿರ ಜನಕ್ಕೆ ಒಬ್ಬ ಮಾಲೀಕ. ಇಲ್ಲಿ ಒಬ್ಬ ಹೆಂಗಸಿಗೆ ನಾಲ್ಕು ಮನೆಯ ನಾಲ್ವರು ಯಜಮಾನಿಯರು. ಗೇಟಿಲ್ಲ, ಹಾಜರಿ ಪುಸ್ತಕವಿಲ್ಲ, ಸಂಬಳದ ಚೀಟಿಯಿಲ್ಲ. ಜ್ವರ ಬಂದು ಎರಡು ದಿನ ತಪ್ಪಿಸಿದರೆ ಮೂರನೆಯ ದಿನ ಆ ಬಾಗಿಲಲ್ಲಿ ಬೇರೆ ಯಾರೋ ಇರುತ್ತಿದ್ದರು. ಅಂಥವರು ಸಂಘ ಕಟ್ಟಿಕೊಂಡು, ಬೀದಿಗಿಳಿದು, ತಮ್ಮದೂ ಒಂದು ಕೆಲಸ ಎಂದು ಹೇಳಿಕೊಂಡರು.

ಸಂಘದ ಹೆಸರಲ್ಲೇ ಆ ಪದವಿದೆ. ಮೋಲ್ ಎಂದರೆ ಬೆಲೆ, ನಮ್ಮ ಮೌಲ್ಯದ ಮನೆತನದ್ದೇ. ಮೋಲಕರೀಣ್ ಎಂದರೆ ಬೆಲೆಗೆ ದುಡಿಯುವವಳು. ಚಿಕ್ಕಮ್ಮ, ಅಕ್ಕ, ಮನೆ ಮಗಳ ಹಾಗೆ ಎಂಬ ಸಿಹಿ ಮಾತುಗಳ ನಡುವೆ ಈ ಪದ ಒರಟಾಗಿ ಕೇಳಿಸಬಹುದು. ಆದರೆ ಅದು ಲೆಕ್ಕವನ್ನು ಸರಿಯಾಗಿ ಹೇಳುತ್ತದೆ. ಮನೆ ಮಗಳಿಗೆ ಸಂಬಳ ಕೊಡುವುದಿಲ್ಲ, ವಾರದ ರಜೆ ಬರೆದುಕೊಡುವುದಿಲ್ಲ. ದುಡಿಯುವವಳಿಗೆ ಎರಡೂ ಕೊಡಬೇಕು. ಪುಣೆಯಲ್ಲೂ ಅದೇ 1980ರಲ್ಲಿ ಮನೆಗೆಲಸದ ಹೆಂಗಸರು ಮುಷ್ಕರ ಹೂಡಿ ಸಂಘ ಕಟ್ಟಿದರು. ಮಹಾರಾಷ್ಟ್ರದ ಮಧ್ಯಮ ವರ್ಗದ ಮನೆಗಳಲ್ಲಿ ಇವತ್ತು ‘ದೀಪಾವಳಿಗೆ ಒಂದು ತಿಂಗಳ ಪಗಾರ’ ಎನ್ನುವುದು ಯಾರೂ ಪ್ರಶ್ನಿಸದ ಮಾತಾಗಿದೆ. ಇಂಥ ವಾಡಿಕೆ ಯಜಮಾನರ ಔದಾರ್ಯ ಒಂದರಿಂದಲೇ ಬೇರುಬಿಡುವುದಿಲ್ಲ. ಅದರ ಹಿಂದೆ ಈ ಹೆಂಗಸರು ವರ್ಷಗಟ್ಟಲೆ ಮಾಡಿದ ಸದ್ದಿದೆ.

ಒಂದು ತಿಂಗಳೇ ಏಕೆ? ದೇಶದ ಕಾರ್ಖಾನೆ ಕಾರ್ಮಿಕರಿಗೆ 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1965ರ ಬೋನಸ್ ಕಾಯ್ದೆ ಗೊತ್ತುಪಡಿಸಿದ್ದ ಕನಿಷ್ಠ ಬೋನಸ್ ವರ್ಷದ ವೇತನದ ಶೇ 8.33. ಹನ್ನೆರಡರಲ್ಲಿ ಒಂದು ಪಾಲು, ಅಂದರೆ ಸರಿಯಾಗಿ ಒಂದು ತಿಂಗಳ ಸಂಬಳ. ಕಾಯ್ದೆ ಮನೆಯ ಬಾಗಿಲ ಹೊರಗೇ ನಿಂತಿತು. ಮನೆಗೆಲಸದವರು ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. ಆದರೆ ಅದರ ಅಂಕಿ ಮಾತ್ರ ಒಳಗೆ ಬಂದು ಕೂತಿದೆ. ಜುಲೈಯಲ್ಲಿ ಕೆಲಸಕ್ಕೆ ಸೇರಿದವರಿಗೆ ಅಕ್ಟೋಬರಿನಲ್ಲಿ ಎಷ್ಟು ಎಂಬ ತಲೆಬಿಸಿಗೂ ಇದರಲ್ಲೇ ಉತ್ತರವಿದೆ: ದುಡಿದ ತಿಂಗಳಿಗೆ ತಕ್ಕ ಪಾಲು. ಕೈ ಸ್ವಲ್ಪ ಧಾರಾಳವಾದರೆ ಅದು ಖುಷಿ.

ಸೀರೆಯ ಮಾತು ಇಲ್ಲೇ ಆಡಿಬಿಡಬೇಕು. ಸೀರೆ ಕೊಟ್ಟೆವು, ಡಬ್ಬಿ ತುಂಬ ಫರಾಳ ಕೊಟ್ಟೆವು, ಆದ್ದರಿಂದ ದುಡ್ಡು ಅರ್ಧ ಎನ್ನುವ ಮನೆಗಳಿವೆ. ಚಕ್ಕುಲಿ, ಅವಲಕ್ಕಿ, ಕರಂಜಿ ತುಂಬಿದ ಫರಾಳದ ಡಬ್ಬಿ ಒಲವಿನ ವಸ್ತುವೇ ಸರಿ. ಆದರೆ ಅವಳ ಮಗನ ಶಾಲೆಯ ಫೀಸು ಸೀರೆಯಿಂದ ಕಟ್ಟಲಾಗುವುದಿಲ್ಲ. ನಾಲ್ಕು ಮನೆಯಿಂದ ನಾಲ್ಕು ಸೀರೆ, ಅವಳು ಆರಿಸದ ನಾಲ್ಕು ಬಣ್ಣ. ಮೊದಲು ಹಣ, ಅದರ ಮೇಲೆ ಸೀರೆ. ಈ ಕ್ರಮ ಹಿಂದುಮುಂದಾಗಬಾರದು.

ಕಾನೂನು ನಿಧಾನವಾಗಿ ಬಂತು. ಮಹಾರಾಷ್ಟ್ರ 2008ರಲ್ಲಿ ಮನೆಗೆಲಸದವರ ಕಲ್ಯಾಣ ಮಂಡಳಿಗೆ ಕಾಯ್ದೆ ಮಾಡಿತು. ಮುಂದೆ 55 ದಾಟಿದ ನೋಂದಾಯಿತ ಹೆಂಗಸರಿಗೆ ‘ಸನ್ಮಾನಧನ’ ಎಂದು 10,000 ರೂಪಾಯಿ ಕೊಡುವ ಯೋಜನೆ ತಂದಿತು. ಈ ವಿಷಯದಲ್ಲಿ ಕರ್ನಾಟಕಕ್ಕೂ ಹೆಮ್ಮೆಪಡುವ ಒಂದು ದಾಖಲೆ ಇದೆ: ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಪಡಿಸಿದ ಮೊದಲ ರಾಜ್ಯ ನಮ್ಮದು, 2004ರಲ್ಲಿ. ಬೆಂಗಳೂರಿನ ಎಷ್ಟು ಮನೆಗಳಿಗೆ ಆ ಅಧಿಸೂಚನೆಯ ವಿಷಯ ಗೊತ್ತು ಎಂದು ಕೇಳಿಕೊಂಡರೆ ಹೆಮ್ಮೆ ಸ್ವಲ್ಪ ಇಳಿಯುತ್ತದೆ.

ಈ ಹಕ್ಕು ಮತ್ತು ಕೃಪೆಯ ಜಗಳ ನಾಗಪುರದ ಮಣ್ಣಿಗೆ ಹೊಸದಲ್ಲ. 1956ರ ಅಕ್ಟೋಬರ್ 14ರಂದು ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದ್ದು ಈ ಊರಿನ ದೀಕ್ಷಾಭೂಮಿಯಲ್ಲಿ. ಅದಕ್ಕೆ ಮೂರು ದಶಕ ಮುಂಚೆ, 1928ರಲ್ಲಿ, ಅವರು ಮುಂಬೈ ವಿಧಾನ ಪರಿಷತ್ತಿನಲ್ಲಿ ಮಹಾರ್ ವತನ ಎಂಬ ವಂಶಪಾರಂಪರ್ಯ ಊರಚಾಕರಿಯ ಪದ್ಧತಿಯ ತಿದ್ದುಪಡಿಗೆ ಮಸೂದೆ ಮಂಡಿಸಿದ್ದರು. ಊರಿನ ಕೆಲಸವನ್ನೆಲ್ಲ ಹೊತ್ತೂ ಮಹಾರರು ಸುಗ್ಗಿಯಲ್ಲಿ ರೈತರ ಕಣದ ಮುಂದೆ ನಿಂತು ‘ಬಲುತೆ’ ಕಾಳು ಪಡೆಯಬೇಕಿತ್ತು. ನಮ್ಮ ಹಳ್ಳಿಗಳ ಆಯಗಾರರ ಆಯದಂತೆ ಅದೂ ದುಡಿಮೆಯ ಪಾಲೇ. ಆದರೆ ಕೊಡುವವರ ಮರ್ಜಿಗೆ ಕಟ್ಟಿದ ಪಾಲು. ಊರಿನ ಕಣ್ಣು ಕೆಂಪಾದರೆ ಆ ವರ್ಷದ ಕಾಳು ನಿಂತಿತು. ಕೆಲಸಕ್ಕೆ ನಗದಾಗಿ, ಗೊತ್ತಾದ ವೇತನ ಇರಬೇಕು ಎಂಬ ಅಂಬೇಡ್ಕರ್ ಅವರ ಹಟದ ಹಿಂದೆ ಇದ್ದದ್ದು ಈ ಅನುಭವ. ಕೆಳದರ್ಜೆಯ ಊರವತನಗಳನ್ನು ರದ್ದುಮಾಡುವ ಕಾಯ್ದೆ ಬಂದದ್ದು 1958ರಲ್ಲಿ, ಅವರು ತೀರಿಕೊಂಡ ಮೇಲೆ.

ಮೆಚ್ಚುಗೆಯ ಹಣವೇ ಹೊಟ್ಟೆಯ ಹಣವಾದರೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಅಮೆರಿಕ. ಅಲ್ಲಿ ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕ ಗಂಟೆಗೆ 2.13 ಡಾಲರ್ ಕೊಟ್ಟರೆ ಒಕ್ಕೂಟ ಸರ್ಕಾರದ ಕಾನೂನಿಗೆ ಸಾಕು. 1991ರಿಂದ ಆ ಅಂಕಿ ಕದಲಿಲ್ಲ. ಉಳಿದದ್ದು ಗಿರಾಕಿಯ ಜೇಬಿನಿಂದ ಬರಬೇಕು. 1909ರಿಂದಾಚೆಗೆ ಅಲ್ಲಿನ ಕೆಲವು ರಾಜ್ಯಗಳು ಟಿಪ್ಸ್ ಕೊಡುವುದನ್ನೇ ನಿಷೇಧಿಸಿ ನೋಡಿದವು. 1926ರ ಹೊತ್ತಿಗೆ ಆ ನಿಷೇಧಗಳೆಲ್ಲ ಇಲ್ಲವಾಗಿದ್ದವು.

ಭಾರತದ ನ್ಯಾಯಾಲಯಗಳು ಈ ವಿಷಯದಲ್ಲಿ ಸ್ಪಷ್ಟವಾಗಿ ಮಾತಾಡಿವೆ. ಜೈಪುರದ ರಾಂಬಾಗ್ ಪ್ಯಾಲೇಸ್ ಹೋಟೆಲಿನ ಪ್ರಕರಣದಲ್ಲಿ, 1976ರಲ್ಲಿ, ಟಿಪ್ಸ್ ಹಣ ಗಿರಾಕಿ ಕೆಲಸಗಾರನಿಗೆ ಕೊಟ್ಟದ್ದು, ಅದನ್ನು ಸಂಬಳದ ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂದಿತು ಸುಪ್ರೀಂ ಕೋರ್ಟ್. 2016ರಲ್ಲಿ ಐಟಿಸಿ ಹೋಟೆಲುಗಳ ತೆರಿಗೆ ತಕರಾರಿನಲ್ಲೂ ಅದೇ ಮಾತು: ಟಿಪ್ಸ್ ಮಾಲೀಕ ಕೊಡುವ ಸಂಬಳವಲ್ಲ. ವಕೀಲರ ಭಾಷೆ ಕಳಚಿ ಹೇಳಿದರೆ ಇಷ್ಟೇ: ‘ಗಿರಾಕಿಗಳು ಕೊಡುತ್ತಾರಲ್ಲ’ ಎಂದು ಮಾಲೀಕ ಸಂಬಳ ಕಡಿಮೆ ಮಾಡಬಾರದು.

ಹೋಟೆಲಿನ ಮೇಜಿಗೆ ಬರೋಣ. ಸದರ್ ಪ್ರದೇಶದ ಇಂಡಿಯನ್ ಕಾಫಿ ಹೌಸ್ ನಾಗಪುರದವರಿಗೆ ಹಳೆಯ ನೆಂಟ. ಪೇಟ ಕಟ್ಟಿದ ಬೇರರ್, ದಪ್ಪ ಪಿಂಗಾಣಿ ಕಪ್ಪು. ಐವತ್ತರ ದಶಕದಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿದಾಗ ಬೀದಿಗೆ ಬಿದ್ದ ಕೆಲಸಗಾರರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಸಹಕಾರ ಸಂಘ ಕಟ್ಟಿದರು. ಮೊದಲ ಸಂಘ ಶುರುವಾದದ್ದು ಬೆಂಗಳೂರಿನಲ್ಲಿ, 1957ರ ಆಗಸ್ಟ್‌ನಲ್ಲಿ. ಅಲ್ಲಿಂದ ಊರೂರಿಗೆ ಹಬ್ಬಿತು. ಕಾಫಿ ತಂದಿಡುವವನೇ ಸಂಘದ ಸದಸ್ಯ, ಅಂದರೆ ಮಾಲೀಕರಲ್ಲಿ ಒಬ್ಬ. ಅಂಥವನಿಗೆ ತಟ್ಟೆಯಲ್ಲಿ ಇಪ್ಪತ್ತು ರೂಪಾಯಿ ಬಿಡುವುದು ಸ್ನೇಹಿತನಿಗೆ ಬೀಡಾ ಕೊಡಿಸಿದಂತೆ ಹಗುರ. ಆ ಹಗುರ ಎಲ್ಲ ಹೋಟೆಲುಗಳಲ್ಲೂ ಸಿಗುವುದಿಲ್ಲ.

ಸಿಗದಿರಲು ಕಾರಣಗಳಿವೆ. ಬಿಲ್ಲಿನ ಕೊನೆಯಲ್ಲಿ ಜಿಎಸ್‌ಟಿ ನೋಡಿ ‘ಟಿಪ್ಸ್ ಇದರಲ್ಲೇ ಬಂತು’ ಎಂದುಕೊಳ್ಳುವವರಿದ್ದಾರೆ. ಜಿಎಸ್‌ಟಿ ಸರ್ಕಾರಕ್ಕೆ ಹೋಗುವ ತೆರಿಗೆ, ಸಪ್ಲೈಯರ್‌ಗೆ ಅದರಲ್ಲಿ ಬಿಡಿಗಾಸೂ ಇಲ್ಲ. ಸರ್ವಿಸ್ ಚಾರ್ಜ್ ಬೇರೆ: ಹೋಟೆಲೇ ಹಾಕುವ ಶುಲ್ಕ, ಸೇರುವುದೂ ಹೋಟೆಲಿನ ಗಲ್ಲಾಕ್ಕೆ. ಅದನ್ನು ಗಿರಾಕಿಯ ಮೇಲೆ ತಾನಾಗಿ ಹೇರಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲು ಮಾಲೀಕರ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಮಾರ್ಗಸೂಚಿಯನ್ನು ಎತ್ತಿಹಿಡಿದು, ಅರ್ಜಿದಾರ ಸಂಘಗಳಿಗೆ ತಲಾ ಒಂದು ಲಕ್ಷ ರೂಪಾಯಿ ದಂಡ ಹಾಕಿದರು. ಮಾಲೀಕರು ಮೇಲ್ಮನವಿಗೆ ಹೋಗಿದ್ದಾರೆ. ತೀರ್ಪು ಏನೇ ಬರಲಿ, ಗಿರಾಕಿಯ ಮಟ್ಟಿಗೆ ನಡವಳಿಕೆ ಸರಳ: ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಕಂಡರೆ ತೆಗೆಯಿರಿ ಎಂದು ಹೇಳಿ, ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ತೆಗೆಸಿದ ಹಣವನ್ನು ಉಳಿತಾಯ ಎಂದು ಜೇಬಿಗೆ ಇಳಿಸದೆ ಬಡಿಸಿದವರ ಕೈಗೆ ಕೊಡಿ. ಕುಳಿತು ಉಣ್ಣುವ ಹೋಟೆಲಿನಲ್ಲಿ ಬಿಲ್ಲಿನ ಶೇ 5ರಿಂದ 10 ಎನ್ನುವುದು ಈ ದೇಶದಲ್ಲಿ ಮರ್ಯಾದೆಯ ಅಳತೆ. ನಿಂತೇ ತಿಂದುಹೋಗುವ ತರ್‍ರಿ ಪೋಹಾದ ಗಾಡಿಯಲ್ಲಿ, ನಮ್ಮ ದರ್ಶಿನಿಯಲ್ಲಿ, ಅದರ ಪ್ರಶ್ನೆಯೇ ಇಲ್ಲ. ಆದರೆ ದರ್ಶಿನಿಯಲ್ಲೂ ಮೇಜು ಒರೆಸುವ ಕ್ಲೀನರ್ ಒಬ್ಬರಿರುತ್ತಾರೆ. ಅವರ ಕೈಗೆ ಯಾರೂ ಏನೂ ಇಡುವುದಿಲ್ಲ.

ಸೋಂಪಿನ ತಟ್ಟೆಯ ಕಾಲ ಮುಗಿಯುತ್ತ ಬಂತು ಎನ್ನುವುದು ಇನ್ನೊಂದು ಕಷ್ಟ. ಬಿಲ್ಲಿನ ಚಿಲ್ಲರೆಯನ್ನು ಸೋಂಪು, ಕಲ್ಲುಸಕ್ಕರೆಯ ಜೊತೆ ತಟ್ಟೆಯಲ್ಲಿ ತಂದಿಡುತ್ತಿದ್ದರು. ಗಿರಾಕಿ ನೋಟು ಎತ್ತಿಕೊಂಡು ನಾಣ್ಯ ಬಿಟ್ಟು ಏಳುತ್ತಿದ್ದ. ಈಗ ಗೋಡೆಯ ಮೇಲೆ ಕ್ಯೂಆರ್ ಕೋಡ್, ಗಲ್ಲಾದ ಪಕ್ಕ ‘ಇನ್ನೂರ ನಲವತ್ತು ರೂಪಾಯಿ ಬಂದಿದೆ’ ಎಂದು ಕೂಗುವ ಡಬ್ಬಿ. ಇನ್ನೂರ ನಲವತ್ತರ ಬಿಲ್ಲಿಗೆ ಇನ್ನೂರ ಅರವತ್ತು ಕಳಿಸಿ ‘ಇಪ್ಪತ್ತು ನಿಮಗೆ’ ಎಂದರೆ ಆ ಇಪ್ಪತ್ತು ಮಾಲೀಕನ ಖಾತೆಗೆ ಹೋಗಿ ಬಿತ್ತು. ರಾತ್ರಿ ಲೆಕ್ಕ ಮುಗಿಸುವಾಗ ನೆನಪಿಟ್ಟು ಎತ್ತಿಕೊಡುವ ಮಾಲೀಕರಿದ್ದಾರೆ, ಮರೆಯುವವರೂ ಇದ್ದಾರೆ. ಬ್ರಿಟನ್ ಇದಕ್ಕಾಗಿಯೇ ಕಾಯ್ದೆ ಮಾಡಿ, 2024ರ ಅಕ್ಟೋಬರ್ 1ರಿಂದ ಟಿಪ್ಸ್ ಹಣ ಪೂರ್ತಿ ಕೆಲಸಗಾರರಿಗೇ ಸೇರಬೇಕು ಎಂದಿದೆ. ನಮ್ಮಲ್ಲಿ ಅದು ಆಗುವವರೆಗೆ ಪರ್ಸಿನ ಒಂದು ಮೂಲೆಯಲ್ಲಿ ಹತ್ತು ಇಪ್ಪತ್ತರ ನಾಲ್ಕಾರು ನೋಟು ಇಟ್ಟುಕೊಳ್ಳುವುದು, ಇಲ್ಲವೇ ಬಡಿಸಿದವರನ್ನೇ ‘ನಿಮ್ಮ ನಂಬರ್ ಹೇಳಿ’ ಎಂದು ಕೇಳಿ ಕಳಿಸುವುದು, ಇವೆರಡೇ ದಾರಿ.

ನಾಗಪುರದ ಬೇಸಿಗೆಯ ಬಗ್ಗೆ ಹೇಳದೆ ಈ ಊರಿನ ದುಡಿಮೆಯ ಮಾತು ಪೂರ್ತಿಯಾಗುವುದಿಲ್ಲ. 2013ರ ಮೇ 23ರಂದು ಇಲ್ಲಿ ಉಷ್ಣಾಂಶ 47.9 ಡಿಗ್ರಿ ಮುಟ್ಟಿತ್ತು. 45 ದಾಟುವುದು ಇಲ್ಲಿನವರಿಗೆ ಸುದ್ದಿಯೇ ಅಲ್ಲ. ಮಧ್ಯಾಹ್ನ ಸೀತಾಬರ್ಡಿಯ ಪೇಟೆಯೂ ಅರ್ಧ ಕಣ್ಣು ಮುಚ್ಚುತ್ತದೆ. ಆ ಹೊತ್ತಲ್ಲಿ ಧರಂಪೇಠದ ಯಾವುದೋ ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿಗೆ ಗ್ಯಾಸ್ ಸಿಲಿಂಡರ್ ಏರುತ್ತದೆ. ಒಳಗಿರುವ ಅನಿಲ 14.2 ಕಿಲೋ, ಉಕ್ಕಿನ ತೂಕ ಸೇರಿದರೆ ಹತ್ತಿರ ಹತ್ತಿರ ಮೂವತ್ತು. ಹೆಗಲ ಮೇಲೆ ಮಡಚಿದ ಟವೆಲು, ಅದರ ಮೇಲೆ ಬಿಸಿಲಲ್ಲಿ ಕಾದ ಕಬ್ಬಿಣ. ಪ್ರತಿ ತಿರುವಿನಲ್ಲಿ ಒಂದು ಕೈ ಗೋಡೆಗೆ. ಬಾಗಿಲ ಮುಂದೆ ಇಳಿಸುವಾಗ ಸಿಲಿಂಡರ್ ನೆಲಕ್ಕೆ ಬಡಿಯದಂತೆ ಮೊಣಕಾಲು ಕೊಟ್ಟು, ಆಮೇಲೆ ಸೀಲು ಬಿಚ್ಚಿ, ಸೋರಿಕೆ ನೋಡಿ, ಖಾಲಿಯದನ್ನು ಎತ್ತಿಕೊಂಡು ಇಳಿಯಬೇಕು. ತಲುಪಿಸುವ ವೆಚ್ಚ ಬಿಲ್ಲಿನಲ್ಲೇ ಸೇರಿದೆ, ಮೇಲೆ ಕೇಳುವಂತಿಲ್ಲ ಎನ್ನುವುದು ನಿಯಮ. ನಿಯಮ ಸರಿ, ಬಿಲ್ಲಿಗಿಂತ ಹೆಚ್ಚು ಕೊಡದಿದ್ದರೆ ಸಿಲಿಂಡರ್ ಕೊಡುವುದಿಲ್ಲ ಎಂದರೆ ಅದು ಸುಲಿಗೆ, ದೂರು ಕೊಡಬೇಕು. ಆದರೆ ಆ ಬಿಲ್ಲಿಗೆ ನೆಲಮಹಡಿಯೂ ಮೂರನೆಯ ಮಹಡಿಯೂ ಒಂದೇ. ಮೆಟ್ಟಿಲಿನ ಲೆಕ್ಕ ಇಡಬೇಕಾದವರು ಮೂರನೆಯ ಮಹಡಿಯವರು. ಮೂವತ್ತೋ ಐವತ್ತೋ ರೂಪಾಯಿ, ಅದಕ್ಕೂ ಮುಂಚೆ ಮಣ್ಣಿನ ಹೂಜಿಯ ಒಂದು ಚೊಂಬು ನೀರು.

ಊಟ ತಂದುಕೊಡುವ ಹುಡುಗರದ್ದೂ ಇದೇ ಬಿಸಿಲು. ಇಲ್ಲಿ ಟಿಪ್ಸ್ ಎಷ್ಟು ಎಂಬುದಕ್ಕೆ ಕಂಪನಿಯವರೇ ಬಾಯಿಬಿಟ್ಟ ಅಂಕಿ ಇದೆ. 2025ರ ಡಿಸೆಂಬರ್ 31ರಂದು ಡೆಲಿವರಿ ಕೆಲಸಗಾರರು ಮುಷ್ಕರ ಮಾಡಿದ ಬೆನ್ನಿಗೆ ಜೊಮಾಟೊ ಸಂಸ್ಥಾಪಕ ದೀಪಿಂದರ್ ಗೋಯಲ್ ಲೆಕ್ಕ ಕೊಟ್ಟರು: ಟಿಪ್ಸ್ ಬಿಟ್ಟು ಗಂಟೆಗೆ ಸರಾಸರಿ ಗಳಿಕೆ 102 ರೂಪಾಯಿ, ಟಿಪ್ಸ್ ಗಂಟೆಗೆ 2 ರೂಪಾಯಿ 60 ಪೈಸೆ. ನೂರು ಆರ್ಡರ್‌ಗಳಲ್ಲಿ ಟಿಪ್ಸ್ ಸಿಗುವುದು ಸುಮಾರು ಐದಕ್ಕೆ. ಆ 102 ರೂಪಾಯಿಯಲ್ಲೇ ಪೆಟ್ರೋಲು, ಗಾಡಿಯ ರಿಪೇರಿ ಎಲ್ಲ ಹೋಗಬೇಕು. ಈ ಅಂಕಿ ಎರಡು ಮಾತು ಹೇಳುತ್ತದೆ. ಒಂದು, ನಾವು ತುಂಬ ಕಡಿಮೆ ಕೊಡುತ್ತಿದ್ದೇವೆ. ಎರಡು, ಈಗಿನ ಎರಡರಷ್ಟು ಕೊಟ್ಟರೂ ಅವರ ಬದುಕು ಬದಲಾಗುವುದಿಲ್ಲ. ಬದಲಾಗಬೇಕಾದದ್ದು ಆ 102. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದು, ಪ್ರತಿ ಕೆಲಸಕ್ಕೂ ಕೊಡುವ ಮೊತ್ತದ ಮೇಲೆ ಕಂಪನಿಗಳು ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು ಎಂದಿದೆ. ದಾರಿ ಅದೇ. ಅಲ್ಲಿಯವರೆಗೆ ಆ್ಯಪಿನಲ್ಲಿ ಇಪ್ಪತ್ತು ರೂಪಾಯಿ ಒತ್ತುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಮಳೆಯಲ್ಲಿ, ನಡು ಮಧ್ಯಾಹ್ನದಲ್ಲಿ, ನಡುರಾತ್ರಿಯಲ್ಲಿ ತರಿಸಿಕೊಂಡವರು ಅದರ ಎರಡರಷ್ಟು ಒತ್ತಬೇಕು.

ಕೊಡುವ ಹೊತ್ತಿಗೂ ಅರ್ಥವಿದೆ. ಟ್ಯಾಕ್ಸಿ ಆ್ಯಪ್‌ಗಳು ಗಾಡಿ ಬುಕ್ ಮಾಡುವಾಗಲೇ ‘ಇಷ್ಟು ಮುಂಗಡ ಟಿಪ್ಸ್ ಸೇರಿಸಿದರೆ ಬೇಗ ಸಿಗಬಹುದು’ ಎಂದು ಕೇಳತೊಡಗಿದಾಗ, 2025ರ ಮೇ ತಿಂಗಳಲ್ಲಿ, ಗ್ರಾಹಕ ವ್ಯವಹಾರಗಳ ಸಚಿವ, ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಆಕ್ಷೇಪ ಎತ್ತಿದರು. ಊಬರ್‌ಗೆ ನೋಟಿಸ್ ಹೋಯಿತು. ಮೆಚ್ಚುಗೆ ಕೆಲಸ ಮುಗಿದ ಮೇಲೆ ಬರಬೇಕಾದದ್ದು ಎಂಬುದು ಅವರ ವಾದ. ವರ್ಷದ ಕೊನೆಗೆ ಕೇಂದ್ರ ಸಾರಿಗೆ ಸಚಿವಾಲಯವೂ ಅದನ್ನೇ ಮಾರ್ಗಸೂಚಿಗೆ ಸೇರಿಸಿತು: ಟಿಪ್ಸ್ ಕೇಳುವುದಿದ್ದರೆ ಪ್ರಯಾಣ ಮುಗಿದ ಮೇಲೆ ಕೇಳಬೇಕು, ಪೂರ್ತಿ ಚಾಲಕನಿಗೆ ಸೇರಬೇಕು. ಮುಂಗಡ ಕೊಟ್ಟದ್ದು ಮೆಚ್ಚುಗೆಯಲ್ಲ, ಹರಾಜು. ಹೆಚ್ಚು ಕೂಗಿದವರಿಗೆ ಗಾಡಿ, ಕೂಗಲಾಗದವರು ಫುಟ್‌ಪಾತಿನಲ್ಲಿ.

ಇನ್ನು ರೈಲ್ವೆ ನಿಲ್ದಾಣ. ಬೆಂಗಳೂರಿನಿಂದ ಸಂಘಮಿತ್ರ ರೈಲಿನಲ್ಲಿ ಬಂದಿಳಿದವರಿಗೆ ನಾಗಪುರದಲ್ಲಿ ಮೊದಲು ಎದುರಾಗುವವರು ಕೆಂಪಂಗಿಯ ಕೂಲಿಗಳು. 1925ರ ಆ ಕಲ್ಲಿನ ಕಟ್ಟಡದಂತೆ ಅವರ ತೋಳಿನ ಬಿಲ್ಲೆಯೂ ಹಳೆಯದು. ರೈಲ್ವೆ ಅವರಿಗೆ ಲೈಸೆನ್ಸ್ ಕೊಡುತ್ತದೆ, ಸಂಬಳ ಕೊಡುವುದಿಲ್ಲ. 2008ರಲ್ಲಿ ಆಗಿನ ರೈಲ್ವೆ ಸಚಿವ ಲಾಲು ಪ್ರಸಾದ್ ಹಲವರನ್ನು ಗ್ಯಾಂಗ್‌ಮನ್ ಕೆಲಸಕ್ಕೆ ತೆಗೆದುಕೊಂಡರು. 2016ರ ರೈಲ್ವೆ ಬಜೆಟ್‌ನಲ್ಲಿ ಆಗಿನ ಸಚಿವ ಸುರೇಶ್ ಪ್ರಭು ‘ಸಹಾಯಕ’ ಎಂದು ಹೆಸರು ಬದಲಿಸಿದರು. ಹೆಸರು ಬದಲಾದರೂ ಸಂಬಳ ಬರಲಿಲ್ಲ, ಚಕ್ರದ ಸೂಟ್‌ಕೇಸು, ಎಸ್ಕಲೇಟರುಗಳು ಬಂದು ಕೆಲಸವೇ ಕಡಿಮೆಯಾಯಿತು. ಇವರಿಗೆ ಕೊಡುವುದು ಟಿಪ್ಸ್ ಅಲ್ಲ, ಪೂರ್ತಿ ಕೂಲಿ. 40 ಕಿಲೋ ತಲೆಹೊರೆಗೆ ಇಂತಿಷ್ಟು ಎಂದು ರೈಲ್ವೆ ದರ ಗೊತ್ತುಮಾಡಿದೆ, ಅದಕ್ಕಿಂತ ಕೆಳಗೆ ಚೌಕಾಸಿ ಮಾಡಬಾರದು. ಊರಿನ ಇನ್ನೊಂದು ತುದಿಯ ಕಳಮನಾ ಮಾರುಕಟ್ಟೆಯಲ್ಲಿ ಕಿತ್ತಳೆ, ಧಾನ್ಯದ ಮೂಟೆ ಹೊರುವ ಹಮಾಲರಿಗೆ 1969ರ ಮಾಥಾಡಿ ಕಾಯ್ದೆಯ ಆಸರೆ ಇದೆ. ವ್ಯಾಪಾರಿಯಿಂದ ವಸೂಲಾದ ಲೆವಿಯಿಂದ ಭವಿಷ್ಯನಿಧಿ, ಗ್ರಾಚ್ಯುಟಿ. ಹೊರೆ ಅದೇ, ಬೆನ್ನೂ ಅಂಥದ್ದೇ. ನಿಲ್ದಾಣದವರಿಗೆ ಮಾತ್ರ ಇಂಥದ್ದು ಏನೂ ಇಲ್ಲ.

ರೈಲಿನೊಳಗಿನ ವಾಡಿಕೆಯೂ ಒಂದಿದೆ. ಊಟದ ಹಣ ಟಿಕೆಟ್ಟಿನಲ್ಲೇ ಸೇರಿರುವ ರೈಲುಗಳಲ್ಲಿ ಇಳಿಯುವ ಹೊತ್ತಿಗೆ ಸೋಂಪಿನ ತಟ್ಟೆ ಬರುತ್ತದೆ, ಮೇಲೆ ಆಗಲೇ ಎರಡು ನೋಟು. ಟಿಪ್ಸ್ ಕೊಡಬೇಡಿ, ಬಿಲ್ ಕೊಡದಿದ್ದರೆ ಊಟ ಉಚಿತ ಎಂದು 2019ರಲ್ಲಿ ರೈಲ್ವೆ ಫಲಕ ಹಾಕಿಸಿತು. ತಟ್ಟೆ ಹಿಡಿದ ಹುಡುಗ ಗುತ್ತಿಗೆದಾರನ ಕೆಳಗೆ ದುಡಿಯುವವನು ಎಂಬುದನ್ನು ಆ ಫಲಕ ಹೇಳುವುದಿಲ್ಲ. ಕೊಡಲು ಮನಸ್ಸಾದರೆ ಕೊಡಬಹುದು. ಸಂಕೋಚಕ್ಕೆ ಸಿಕ್ಕಿ ಕೊಡಬೇಕಿಲ್ಲ.

ಕೊಡಲೇಬಾರದ ಜಾಗಗಳೂ ಇವೆ. ದಾಖಲೆಗೆ ಸಹಿ ಹಾಕುವ ಸರ್ಕಾರಿ ಮೇಜಿನ ಮುಂದೆ, ಪೊಲೀಸ್ ಪರಿಶೀಲನೆಗೆ ಬಂದವರಿಗೆ, ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳಲು, ಹೆಣ್ಣು ಮಗು ಗಂಡು ಮಗು ಎಂದು ಬೇರೆ ಬೇರೆ ದರ ಕೇಳುವ ‘ಖುಷಿ’ಗೆ. ಅಲ್ಲಿ ಒಬ್ಬರು ಕೊಟ್ಟ ನೂರು ರೂಪಾಯಿ, ಹಿಂದೆ ಸಾಲಿನಲ್ಲಿ ನಿಂತ ಬಡವರ ಮೇಲೆ ಬೀಳುವ ಹೊರೆ. ಇದರ ಜೊತೆಗೆ ಕಸದ ಗಾಡಿಯವರನ್ನು ಸೇರಿಸಬಾರದು. ನಾಗಪುರ ಪಾಲಿಕೆಯಲ್ಲಿ ‘ಐವಜ್‌ದಾರ್’ ಎಂಬ ಹೆಸರಿನಲ್ಲಿ, ಅಂದರೆ ಬದಲಿ ಕೆಲಸಗಾರರಾಗಿ, ಕಾಯಂ ಆಗದೆ ವರ್ಷಗಟ್ಟಲೆ ಬೀದಿ ಗುಡಿಸಿದವರಿದ್ದಾರೆ. ಮನೆ ಮನೆಯ ಕಸ ಎತ್ತುವುದು ಗುತ್ತಿಗೆಯ ಕೆಲಸ. ಅವರ ಕೈಗೆ ಹಬ್ಬದ ಹಣ ಕೊಟ್ಟರೆ ಯಾರ ಸಾಲೂ ಹಿಂದಕ್ಕೆ ಸರಿಯುವುದಿಲ್ಲ.

ಮೊತ್ತಕ್ಕಿಂತ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುವುದು ಕೊಟ್ಟ ಕೈ. ಈ ದೇಶದಲ್ಲಿ ಮುಟ್ಟದೆ ಮೇಲಿಂದ ನಾಣ್ಯ ಬೀಳಿಸಿದ ಕೈಗಳ ಚರಿತ್ರೆ ದೊಡ್ಡದು, ಮೆಟ್ಟಿಲ ಮೇಲೆ ಇಟ್ಟು ‘ತಗೋ’ ಎಂದವರ ಚರಿತ್ರೆಯೂ. ಆದ್ದರಿಂದ ಗೇಟಿನ ಮೇಲೆ ನೋಟು ಇಟ್ಟು ಕಲ್ಲು ಹೇರುವುದು, ಬಾಲ್ಕನಿಯಿಂದ ಎಸೆಯುವುದು, ಮಕ್ಕಳ ಕೈಯಲ್ಲಿ ಕೊಡಿಸಿ ಅವರಿಂದ ನಮಸ್ಕಾರ ಹಾಕಿಸಿಕೊಳ್ಳುವುದು, ಕೊಡುವಾಗ ಫೋಟೊ ತೆಗೆಯುವುದು, ಇವೆಲ್ಲ ಬೇಡ. ಲಕೋಟೆಯಲ್ಲಿಟ್ಟು, ಮೇಲೆ ಹೆಸರು ಬರೆದು, ಕೈಯಿಂದ ಕೈಗೆ. ‘ಮಾವ್ಶಿ’ ಎಂದಷ್ಟೇ ಬರೆದರೆ ಅದು ಹೆಸರಾಗುವುದಿಲ್ಲ; ಪೂರ್ತಿ ಹೆಸರು ಕೇಳಿಕೊಂಡು, ಅವಳು ಹೇಳಿದ ಹಾಗೆಯೇ ಬರೆಯಬೇಕು. ಹಬ್ಬದ ಹಿಂದಿನ ಸಂಜೆ ಕೊಟ್ಟರೆ ಬಟ್ಟೆ ಕೊಳ್ಳಲು ಹೊತ್ತು ಸಾಲುವುದಿಲ್ಲ, ಎಂಟು ದಿನ ಮುಂಚೆ ಕೊಟ್ಟರೆ ಇತವಾರಿ ಪೇಟೆಯಲ್ಲಿ ಆರಿಸಿ ತರಲು ಸಮಯ ಸಿಗುತ್ತದೆ.

ಆಮೇಲೆ ರಜೆಯ ಮಾತು. ದೀಪಾವಳಿಯ ವಾರ ಇವರಿಗೆ ವರ್ಷದಲ್ಲೇ ಹೆಚ್ಚು ಕೆಲಸದ ವಾರ. ನಾಲ್ಕು ಮನೆಯ ಜೇಡರ ಬಲೆ ತೆಗೆಯಬೇಕು, ಅಟ್ಟದ ಪಾತ್ರೆ ಇಳಿಸಿ ತೊಳೆಯಬೇಕು, ಫರಾಳ ಕರಿದ ಬಾಣಲೆಗಳ ಜಿಡ್ಡು ತಿಕ್ಕಬೇಕು. ತಮ್ಮ ಮನೆಯ ಚಕ್ಕುಲಿ ರಾತ್ರಿ ಹತ್ತರ ಮೇಲೆ. ಹಬ್ಬದ ಕೊನೆಗೆ ಭಾವುಬೀಜ್ ಬರುತ್ತದೆ, ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಆರತಿ ಎತ್ತುವ ದಿನ. ಮಹಾರಾಷ್ಟ್ರ ಸರ್ಕಾರ ಅಂಗನವಾಡಿ ಕಾರ್ಯಕರ್ತೆಯರಿಗೆ ಹಬ್ಬಕ್ಕೆ ಕೊಡುವ 2,000 ರೂಪಾಯಿಗೂ ‘ಭಾವುಬೀಜ್ ಭೇಟ್’ ಎಂದೇ ಹೆಸರು. ಅವತ್ತು ಪಗಾರ ಕಡಿಯದೆ ರಜೆ ಕೊಡುವ ಮನೆಗಳಿವೆ. ಆ ಮನೆಗಳಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಕರೆಗಂಟೆ ಸದ್ದಾಗುವುದಿಲ್ಲ. ಹಿಂದಿನ ರಾತ್ರಿಯ ಪಾತ್ರೆ ಸಿಂಕಿನಲ್ಲಿ ಹಾಗೇ ಇರುತ್ತದೆ, ಯಜಮಾನರು ತೋಳು ಮಡಚಿಕೊಂಡು ನಲ್ಲಿ ತಿರುಗಿಸುತ್ತಾರೆ. ಅಷ್ಟು ಹೊತ್ತಿಗೆ ಮಾವ್ಶಿ ಹೊಸ ಸೀರೆಯುಟ್ಟು, ಮಗನ ಕೈ ಹಿಡಿದು, ಭಂಡಾರಾದ ಕಡೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿರುತ್ತಾಳೆ.